ಬೂಟು ಕಾಣ್ತದೆ, ಮೊಣಕಾಲು ಕಾಣೋದಿಲ್ಲ

ಪಾದದ ಹೊರಮಗ್ಗುಲಲ್ಲಿ, ಕಿರುಬೆರಳಿನ ಹಿಂದೆ ಒಂದು ಸಣ್ಣ ಉದ್ದನೆಯ ಎಲುಬು ಇರ್ತದೆ. ಐದನೇ ಮೆಟಟಾರ್ಸಲ್ ಅಂತಾರೆ. ಇಪ್ಪತ್ತೆಂಟು ವರ್ಷ ಅದು ನನ್ನ ಜೊತೆಗೇ ಇತ್ತು, ಒಂದು ದಿನವೂ ತನ್ನ ಪರಿಚಯ ಹೇಳಿಕೊಂಡಿರಲಿಲ್ಲ. ಜನವರಿಯಲ್ಲಿ ಊರಿಗೆ ಹೋದಾಗ ನಮ್ಮ ಹೊಲದಲ್ಲಿ ಕಬ್ಬಿನ ಟ್ರೇಲರಿನಿಂದ ಇಳಿಯುತ್ತಿದ್ದೆ, ಎಡಗಾಲಿನ ಕೆಳಗೆ ಒಂದು ಜಲ್ಲೆ ಉರುಳಿತು ನೋಡಿ, ಆಗ ಪರಿಚಯವಾಯಿತು.

ನಮ್ಮ ರಾಯಬಾಗ, ಕುಡಚಿ, ಅಥಣಿ ಕಡೆಯವರಿಗೆ ಮೈಯಲ್ಲಿ ಏನು ಕೆಟ್ಟರೂ ಮೊದಲು ನೆನಪಾಗೋದು ಮೀರಜ. ರಾಜ್ಯ ಬೇರೆ, ಭಾಷೆ ಬೇರೆ, ಆದರೆ ಡಾಕ್ಟ್ರು ಮಾತ್ರ ನಮ್ಮವರೇ. 1894ರಲ್ಲಿ ವಾನ್ಲೆಸ್ ಅನ್ನೋ ಮಿಷನರಿ ಡಾಕ್ಟರು ಅಲ್ಲಿ ಆಸ್ಪತ್ರೆ ಶುರು ಮಾಡಿದಾಗಿನಿಂದ ಬೆಳೆದ ರೂಢಿ ಇದು. ನನ್ನನ್ನೂ ಅಲ್ಲಿಗೇ ಒಯ್ದರು. ಎಕ್ಸ್‌ರೇ ಹಿಡಿದು ನೋಡಿದ ಡಾಕ್ಟ್ರು ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದ್ದಿಷ್ಟು: ಆಪರೇಷನ್ ಬೇಡ, ಆರು ವಾರ ಬೂಟು, ಎರಡು ಊರುಗೋಲು. ಬೂಟು ಅಂದ್ರೆ ಚಪ್ಪಲಿ ಅಂಗಡಿಯದಲ್ಲ, ಮೊಣಕಾಲ ಕೆಳಗಿನವರೆಗೆ ಬರುವ, ವೆಲ್ಕ್ರೋ ಪಟ್ಟಿಯಿಂದ ಬಿಗಿಯುವ, ಗಗನಯಾತ್ರಿಗಳ ಕಾಲಿನಂಥ ಕಪ್ಪು ಬೂಟು.

ನನಗೆ ಇನ್ನು ಹತ್ತೊಂಬತ್ತು ದಿನಕ್ಕೆ ಲಂಡನ್‌ಗೆ ಹೋಗಬೇಕಿತ್ತು. ಮೂರು ವಾರದ ಆಫೀಸು ಕೆಲಸ. ಕೆಲಸವನ್ನ ಮುಂದೂಡಬಹುದಿತ್ತು, ಆದರೆ ಅದರ ಜೊತೆಗೆ ಇನ್ನೊಂದು ಲೆಕ್ಕ ಇತ್ತು. ಅಕ್ಕ ಲಂಡನ್ ಪಕ್ಕದ ರೆಡಿಂಗ್‌ನಲ್ಲಿದ್ದಾಳೆ, ಮೇ ತಿಂಗಳಲ್ಲಿ ಹೆರಿಗೆ. ಬಾಣಂತನಕ್ಕೆ ಅವ್ವ ಹೋಗಬೇಕು. ಅವ್ವನಿಗೆ ಎರಡೂ ಮೊಣಕಾಲು ಸವೆದಿವೆ. "ನಾ ಒಲ್ಲೆ. ಅಷ್ಟ ದೂರ ನಡಿಯೂದು ನನ್ನ ಕಡಿಂದ ಆಗೂದಿಲ್ಲ" ಅಂತ ಒಂದೇ ಮಾತು. ವಿಮಾನದಲ್ಲಿ ನಡಿಯೋದು ಎಲ್ಲಿ ಬರ್ತದೆ ಯವ್ವಾ, ಕುಂತೇ ಹೋಗೋದು ಅಂದ್ರೆ, "ಕುಂದ್ರು ಜಾಗಾಕ್ಕ ಹೋಗಾಕ ನಡೀಬೇಕಲ್ಲೋ" ಅಂತಿದ್ದಳು. ಆಕೆಯ ಮಾತಿನಲ್ಲಿ ತಪ್ಪೇನಿಲ್ಲ. ದೊಡ್ಡ ವಿಮಾನ ನಿಲ್ದಾಣದಲ್ಲಿ ಬಾಗಿಲಿಂದ ಗೇಟಿನವರೆಗೆ ಒಂದು ಕಿಲೋಮೀಟರ್ ಸುಮ್ಮನೆ ಆಗಿಬಿಡ್ತದೆ.

ಗಾಲಿಕುರ್ಚಿ ಕೇಳಬಹುದು ಅಂದರೆ ಇನ್ನೂ ಸಿಟ್ಟು. ಅದರಲ್ಲಿ ಕೂರೋದು ಅಂದರೆ ಮುಗೀತು ಅಂತ ಆಕೆಯ ಭಾವನೆ. ಮೇಲಾಗಿ 2024ರ ಫೆಬ್ರವರಿಯಲ್ಲಿ ಟಿವಿಯಲ್ಲಿ ಒಂದು ಸುದ್ದಿ ನೋಡಿದ್ದಾಳೆ. ನ್ಯೂಯಾರ್ಕಿನಿಂದ ಮುಂಬೈಗೆ ಬಂದಿಳಿದ ವಯಸ್ಸಾದ ಗಂಡ ಹೆಂಡತಿಗೆ ಸಿಕ್ಕಿದ್ದು ಒಂದೇ ಗಾಲಿಕುರ್ಚಿ. ಹೆಂಡತಿಯನ್ನ ಕೂರಿಸಿ ಎಂಬತ್ತು ವರ್ಷದ ಗಂಡ ಜೊತೆಗೆ ನಡೆದು ಬಂದರು, ದಾರಿಯಲ್ಲೇ ಕುಸಿದು ಬಿದ್ದು ತೀರಿಕೊಂಡರು. ವಿಮಾನ ಕಂಪನಿಗೆ ಡಿಜಿಸಿಎ 30 ಲಕ್ಷ ದಂಡ ಹಾಕಿತು. ದಂಡದ ಸುದ್ದಿ ಅವ್ವನಿಗೆ ನೆನಪಿಲ್ಲ, ಆ ಮುದುಕನ ನೆನಪಿದೆ.

ಹಾಗಾಗಿ ಮುರಿದ ಕಾಲು ಇಟ್ಟುಕೊಂಡೇ ಹೋಗಿ ಬರ್ತೀನಿ, ದಾರಿ ಹೆಂಗಿದೆ ಅಂತ ನೋಡಿ ಹೇಳ್ತೀನಿ ಅಂದೆ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಟೆಸ್ಟ್ ರನ್ ಅಂತಾರೆ :-)

ಡಾಕ್ಟ್ರು ಒಪ್ಪಿದರು. ಪತ್ರ ಬರೆದುಕೊಟ್ಟರು. ಇಲ್ಲಿ ಒಂದೆರಡು ಉಪಯೋಗದ ಮಾತು ಹೇಳಿಬಿಡ್ತೀನಿ. ಕಾಲಿಗೆ ಸುತ್ತ ಗಟ್ಟಿ ಪ್ಲಾಸ್ಟರ್ ಹಾಕಿಸಿ ಒಂದೆರಡು ದಿನವೂ ಆಗಿಲ್ಲ ಅಂದ್ರೆ ವಿಮಾನದವರು ಸುಮ್ಮನೆ ಹತ್ತಿಸಿಕೊಳ್ಳೋದಿಲ್ಲ. ಸಾಮಾನ್ಯವಾಗಿ ಸಣ್ಣ ಪಯಣಕ್ಕೆ 24 ಗಂಟೆ, ಎರಡು ಗಂಟೆ ಮೀರಿದ್ದಕ್ಕೆ 48 ಗಂಟೆ ಕಳೆದಿರಬೇಕು, ಇಲ್ಲವೇ ಪ್ಲಾಸ್ಟರನ್ನ ಉದ್ದಕ್ಕೆ ಸೀಳಿಸಿರಬೇಕು. ವಿಮಾನದ ಒಳಗಿನ ಗಾಳಿ ಒತ್ತಡ ಆರೇಳು ಸಾವಿರ ಅಡಿ ಗುಡ್ಡದ ಮೇಲಿದ್ದಂತೆ, ಪಾದ ಬಾತುಕೊಳ್ತದೆ, ಪ್ಲಾಸ್ಟರ್ ಬಾತುಕೊಳ್ಳೋದಿಲ್ಲ. ನನ್ನದು ವೆಲ್ಕ್ರೋ ಬೂಟು, ಸಡಿಲ ಮಾಡಿದರೆ ಆಯ್ತು. ಇನ್ನೊಂದು ರಕ್ತ ಹೆಪ್ಪುಗಟ್ಟುವ ವಿಷಯ. ನಾಲ್ಕು ಗಂಟೆಗಿಂತ ಹೆಚ್ಚು ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟೋ ಸಾಧ್ಯತೆ ಸುಮಾರು ಎರಡು ಪಟ್ಟಾಗ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಆರೋಗ್ಯವಂತರಿಗೆ ಅದು ಆರು ಸಾವಿರಕ್ಕೆ ಒಬ್ಬರ ಲೆಕ್ಕ, ಹೆದರಬೇಕಿಲ್ಲ. ಕಾಲು ಕಟ್ಟಿಹಾಕಿದವರಿಗೆ ಲೆಕ್ಕ ಬೇರೆ, ಅದಕ್ಕೆ ಔಷಧಿ ಬೇಕೋ ಬೇಡವೋ ಅನ್ನೋದನ್ನ ಡಾಕ್ಟ್ರೇ ಹೇಳಬೇಕು. ನನಗೆ ಒಂದು ಇಂಜೆಕ್ಷನ್ ಬರೆದಿದ್ದರು.

ರಾಯಬಾಗದಿಂದ ಬೆಂಗಳೂರಿಗೆ ರಾಣಿ ಚೆನ್ನಮ್ಮ. ಬಾಗಿಲಿನ ಮೆಟ್ಟಿಲು ಹತ್ತೋದರೊಳಗೆ ಹಿಂದಿನಿಂದ ಇಬ್ಬರು ಎತ್ತಿದರು, ಮುಂದಿನಿಂದ ಒಬ್ಬ ಎಳೆದ. ನನ್ನ ಟಿಕೇಟು ಮೇಲಿನ ಬರ್ತಿನದು. ಬಾಯಿ ತೆಗೆಯೋ ಮೊದಲೇ ಕೆಳಗಿನ ಬರ್ತಿನ ಕಾಕಾ ಎದ್ದು, "ಕುಂಡ್ರಪಾ ತಮ್ಮಾ, ಕಾಲ ಚಾಚ" ಅಂದರು. ಯಾರೋ ದಿಂಬು ಕೊಟ್ಟರು. ಹುಬ್ಬಳ್ಳಿಯಲ್ಲಿ ಹತ್ತಿದವನೊಬ್ಬ ಚಹಾ ತಂದುಕೊಟ್ಟ. (ಎರಡು ಊರುಗೋಲು ಹಿಡಿದವನಿಗೆ ಜಗತ್ತಿನಲ್ಲಿ ಅತಿ ಕಷ್ಟದ ಕೆಲಸ ಯಾವುದು ಗೊತ್ತಾ? ಒಂದು ಕಪ್ ಚಹಾವನ್ನ ಇಲ್ಲಿಂದ ಅಲ್ಲಿಗೆ ಒಯ್ಯೋದು. ಕೈ ಎರಡೂ ಕಾಲಿನ ಕೆಲಸಕ್ಕೆ ಹೋಗಿಬಿಟ್ಟಿರ್ತವೆ.)

ಇಷ್ಟು ಒಳ್ಳೇ ಜನ. ಆದರೆ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಹಿಂದಿನ ದೀಪಾವಳಿ ಮುಗಿಸಿ ಅವ್ವ ನನ್ನ ಜೊತೆ ಇದೇ ಗಾಡಿಯಲ್ಲಿ ಬಂದಿದ್ದಳು. ಆಗ ಆಕೆಗೆ ಸಿಕ್ಕಿದ್ದು ನಡುವಿನ ಬರ್ತು. ಕೆಳಗಿನವನನ್ನ ಕೇಳಿದ್ದಕ್ಕೆ, "ಆಂಟಿ, ನೀವು ಚೆನ್ನಾಗೇ ಇದ್ದೀರಲ್ಲ" ಅಂದಿದ್ದ. ಕೆಟ್ಟ ಹುಡುಗನೇನಲ್ಲ, ನನ್ನ ವಯಸ್ಸಿನವನೇ. ಅವನ ಕಣ್ಣಿಗೆ ಏನೂ ಕಾಣಲಿಲ್ಲ ಅಷ್ಟೇ. ಸೀರೆಯ ಒಳಗಿನ ಮೊಣಕಾಲು ಯಾರಿಗೆ ಕಾಣಬೇಕು? ಆಕೆ ಮರುಮಾತಾಡದೆ ಹಲ್ಲು ಕಚ್ಚಿ ಹತ್ತಿದಳು, ರಾತ್ರಿ ನೀರು ಕುಡಿಯಲಿಲ್ಲ. ನೀರು ಕುಡಿದರೆ ಇಳಿಯಬೇಕಾಗ್ತದಲ್ಲ.

ನನ್ನ ಆರು ವಾರದ ನೋವಿಗೆ ಬೂಟು ಇತ್ತು. ಆಕೆಯ ಹತ್ತು ವರ್ಷದ ನೋವಿಗೆ ಯಾವ ಗುರುತೂ ಇಲ್ಲ.

ಬೆಂಗಳೂರಿನ ಎರಡನೇ ಟರ್ಮಿನಲ್ಲಿನಲ್ಲಿ ಗಾಲಿಕುರ್ಚಿ ಮೊದಲೇ ಹೇಳಿಟ್ಟಿದ್ದೆ. ಇದಕ್ಕೆ ವಿಮಾನದವರ ಭಾಷೆಯಲ್ಲಿ ಮೂರು ಗುರುತುಗಳಿವೆ. ಡಬ್ಲ್ಯೂಸಿಎಚ್‌ಆರ್ ಅಂದ್ರೆ ಮೆಟ್ಟಿಲು ಹತ್ತಬಲ್ಲ, ದೂರ ನಡೆಯಲಾರ. ಡಬ್ಲ್ಯೂಸಿಎಚ್‌ಎಸ್ ಅಂದ್ರೆ ಮೆಟ್ಟಿಲೂ ಆಗದು, ಆದರೆ ಒಳಗೆ ತನ್ನ ಸೀಟಿಗೆ ತಾನೇ ಹೋಗಬಲ್ಲ. ಡಬ್ಲ್ಯೂಸಿಎಚ್‌ಸಿ ಅಂದ್ರೆ ಸೀಟಿನವರೆಗೂ ಒಯ್ಯಬೇಕು. ಕೊನೆಯ ಒಂದಕ್ಷರ ತಪ್ಪಿದರೆ ಏಣಿಯ ಬುಡದಲ್ಲಿ ನಿಂತು ವಾದ ಮಾಡಬೇಕಾಗ್ತದೆ. ನನ್ನದು ಎಸ್. ಅವ್ವನದೂ ಎಸ್ ಅಂತ ಅವತ್ತೇ ಬರೆದಿಟ್ಟುಕೊಂಡೆ. ಮತ್ತೆ ಇದಕ್ಕೆ ದುಡ್ಡಿಲ್ಲ. 48 ಗಂಟೆ ಮೊದಲು ತಿಳಿಸಿರಬೇಕು, ಅಷ್ಟೇ.

ದೂಡಲು ಬಂದವನು ಗದಗ ಕಡೆಯ ಹುಡುಗ. ನನ್ನ ಎರಡು ಮಾತು ಕೇಳಿದ ತಕ್ಷಣ "ಬೆಳಗಾವಿ ಕಡಿಯವ್ರೇನ್ರೀ?" ಅಂದ. ದಿನಕ್ಕೆ ಎಷ್ಟು ಜನರನ್ನ ದೂಡ್ತಿ ಅಂದೆ. ಲೆಕ್ಕ ಇಡೋದಿಲ್ರಿ, ಲೆಕ್ಕ ಇಟ್ಟರೆ ಕಾಲು ನೋಯ್ತಾವ ಅಂದ! ಭದ್ರತಾ ತಪಾಸಣೆಯಲ್ಲಿ ಊರುಗೋಲುಗಳು ಎಕ್ಸ್‌ರೇ ಯಂತ್ರದ ಒಳಗೆ ಹೋದವು, ಬೂಟಿಗೆ ಒಂದು ಬಟ್ಟೆಯ ಚೂರು ಸವರಿ ಮದ್ದುಗುಂಡಿನ ಪರೀಕ್ಷೆ ಮಾಡಿದರು. ಆಮೇಲೆ ಕಾಫಿ ಅಂಗಡಿ. ಅಂಗಡಿಯ ಹುಡುಗಿ ನನ್ನ ತಲೆಯ ಮೇಲಿಂದ ಗದಗದ ಹುಡುಗನನ್ನ ಕೇಳಿದಳು, "ಸಾರ್‌ಗೆ ಶುಗರ್ ಹಾಕ್ಲಾ?"

ಕಬ್ಬಿನ ಊರಿನವನಿಗೆ ಕೇಳೋ ಪ್ರಶ್ನೆಯಾ ಇದು? ಅದೂ ಇರಲಿ, ನನ್ನನ್ನೇ ಕೇಳಬಹುದಿತ್ತಲ್ಲ, ಮುರಿದದ್ದು ಕಾಲು, ನಾಲಿಗೆಯಲ್ಲ. ಆಮೇಲೆ ತಿಳಿಯಿತು, ಇದು ಬೆಂಗಳೂರಿನ ರೋಗವೇ ಅಲ್ಲ. ಬಿಬಿಸಿ ರೇಡಿಯೋದಲ್ಲಿ ಅಂಗವಿಕಲರ ಬಗ್ಗೆ 1977ರಿಂದ 1998ರವರೆಗೆ ಬರುತ್ತಿದ್ದ ಕಾರ್ಯಕ್ರಮದ ಹೆಸರೇ ‘ಅವರಿಗೆ ಸಕ್ಕರೆ ಬೇಕಾ?’ ಅನ್ನುವ ಅರ್ಥದ್ದು. ಕುರ್ಚಿಯಲ್ಲಿ ಕೂತವರನ್ನ ಬಿಟ್ಟು ದೂಡುವವರನ್ನ ಮಾತಾಡಿಸೋದು ಅಲ್ಲೂ ಅಷ್ಟು ಸಾಮಾನ್ಯ ಅಂತಾಯ್ತು. ಅವ್ವ ಗಾಲಿಕುರ್ಚಿಗೆ ಯಾಕೆ ಹೆದರ್ತಾಳೆ ಅನ್ನೋದು ನನಗೆ ಅರ್ಥವಾದದ್ದು ಆ ಕಾಫಿ ಅಂಗಡಿಯ ಮುಂದೆ. ಆಕೆಗೆ ಕಾಲಿನ ಚಿಂತೆಯಲ್ಲ. ಮನೆಯಲ್ಲಿ ಎಲ್ಲರಿಗೂ ಸಕ್ಕರೆ ಎಷ್ಟು ಅಂತ ನಿರ್ಧರಿಸೋ ಹೆಂಗಸು ಆಕೆ.

ವಿಮಾನದಲ್ಲಿ ಎಡಕ್ಕೆ ಓಣಿ ಇರೋ ಸೀಟು ಕೇಳಿ ತಗೊಂಡಿದ್ದೆ, ಎಡಗಾಲು ಚಾಚಬಹುದು ಅಂತ. ಚಾಚಿದ್ದೂ ಆಯ್ತು, ಊಟದ ಗಾಡಿ ಎರಡು ಸಲ ಬೂಟಿಗೆ ಡಿಕ್ಕಿ ಹೊಡೆದದ್ದೂ ಆಯ್ತು. ಹೆಚ್ಚು ಜಾಗ ಇರೋ ತುರ್ತು ಬಾಗಿಲಿನ ಸಾಲು ನಮ್ಮಂಥವರಿಗೆ ಕೊಡೋದಿಲ್ಲ. ಸರೀನೇ, ಆಪತ್ತು ಬಂದ್ರೆ ಬಾಗಿಲು ತೆಗೆದು ಜನರನ್ನ ಇಳಿಸೋರು ಬೇಕಲ್ಲಿ. ಹತ್ತು ಗಂಟೆಗೂ ಮೀರಿದ ಹಾದಿಯಲ್ಲಿ ಅವ್ವ ಮೊದಲೇ ಕೇಳಿದ್ದ ಪ್ರಶ್ನೆಗೂ ಉತ್ತರ ಸಿಕ್ಕಿತು. "ಸಂಡಾಸಕ್ಕ ಹೆಂಗ ಹೋಗ್ತಿ?" ಆಫೀಸಿನವರು, ವಿಮಾ ಕಂಪನಿಯವರು, ಯಾರೂ ಕೇಳದ ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಉತ್ತರ: ಸೀಟಿನ ಬೆನ್ನುಗಳನ್ನ ಹಿಡಿದುಕೊಂಡು, ಊಟದ ಗಾಡಿ ಬರೋ ಮೊದಲು ಅಥವಾ ಹೋದ ಮೇಲೆ. ಒಳಗೆ ಹಿಡಿದು ಏಳಲು ಹಿಡಿಕೆ ಇದೆ. ಶೌಚಾಲಯಕ್ಕೆ ಹತ್ತಿರದ ಸೀಟು ಮೊದಲೇ ಆರಿಸಿಕೊಳ್ಳಬೇಕು.

ಹೀಥ್ರೋದಲ್ಲಿ ಎಲ್ಲರೂ ಇಳಿದ ಮೇಲೆ ನಮ್ಮ ಸರದಿ. ಕುರ್ಚಿ ಬಂತು, ಆಮೇಲೆ ಒಂದು ಕಡೆ ಹತ್ತು ಹನ್ನೆರಡು ಜನರನ್ನ ಕೂಡಿಹಾಕಿ ಕಾಯಿಸಿದರು. ಅರ್ಧ ಗಂಟೆ ಮೇಲೆ. ಇದನ್ನೂ ಅವ್ವನ ಪಟ್ಟಿಯಲ್ಲಿ ಬರೆದೆ: ಕಾಯಬೇಕು, ಆದರೆ ಕೂತು ಕಾಯಬಹುದು. ಯುರೋಪಿನಲ್ಲಿ 2006ರ ಒಂದು ನಿಯಮವಿದೆ, ನಂಬರ್ 1107. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೂ ಅದನ್ನ ಉಳಿಸಿಕೊಂಡಿದೆ. ಅದರಲ್ಲಿ ಓಡಾಟ ಕಡಿಮೆಯಾದವರು ಅಂದ್ರೆ ಶಾಶ್ವತ ಅಂಗವೈಕಲ್ಯದವರಷ್ಟೇ ಅಲ್ಲ, ತಾತ್ಕಾಲಿಕವಾಗಿ ಪೆಟ್ಟಾದವರು, ವಯಸ್ಸಿನಿಂದ ಆಗದವರು ಎಲ್ಲರೂ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಅಂದ್ರೆ ನಾನು, ಅವ್ವ ಇಬ್ಬರೂ ಒಂದೇ ಸಾಲಿನಲ್ಲಿ. ಬೂಟು ಇದೆಯೋ ಇಲ್ಲವೋ ಅನ್ನೋ ಪ್ರಶ್ನೆಯೇ ಇಲ್ಲ.

ಲಂಡನ್ ಅಂದ ತಕ್ಷಣ ಎಲ್ಲಾ ಸುಗಮ ಅಂತ ತಿಳಿಯಬೇಡಿ. ಅಲ್ಲಿನ ನೆಲದಡಿಯ ರೈಲು ಶುರುವಾದದ್ದು 1863ರಲ್ಲಿ. ಆಗ ಗಾಲಿಕುರ್ಚಿಯ ಬಗ್ಗೆ ಯಾರು ಯೋಚಿಸಿದ್ದರು? 272 ನಿಲ್ದಾಣಗಳಲ್ಲಿ ಮೆಟ್ಟಿಲಿಲ್ಲದೆ ಹೋಗಬಹುದಾದವು ಸುಮಾರು ಮೂರನೇ ಒಂದು ಪಾಲು. ಕಾವೆಂಟ್ ಗಾರ್ಡನ್ ನಿಲ್ದಾಣದ ಸುರುಳಿ ಮೆಟ್ಟಿಲು 193. ಅದನ್ನ ನಾನು ಓದಿಯೇ ಬೆವೆತೆ. ಆದರೆ ಯಾವುದು ಹೇಗೆ ಅಂತ ನಕ್ಷೆಯಲ್ಲೇ ಬರೆದಿರ್ತಾರೆ. ನೀಲಿ ವೃತ್ತದಲ್ಲಿ ಬಿಳಿ ಕುರ್ಚಿ ಇದ್ದರೆ ರಸ್ತೆಯಿಂದ ರೈಲಿನ ಒಳಗಿನವರೆಗೂ ಮೆಟ್ಟಿಲಿಲ್ಲ. ಬಿಳಿ ವೃತ್ತದಲ್ಲಿ ನೀಲಿ ಕುರ್ಚಿ ಇದ್ದರೆ ಪ್ಲಾಟ್‌ಫಾರ್ಮಿನವರೆಗೆ ಮಾತ್ರ, ಮುಂದೆ ರೈಲಿಗೆ ಒಂದು ಹೆಜ್ಜೆ ಇದೆ. ಆ ಒಂದು ಹೆಜ್ಜೆಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರಲ್ಲ, ಅದಕ್ಕೆ ನಾನು ಆ ನಕ್ಷೆಗೆ ಮನಸೋತೆ. ನನ್ನ ಆಫೀಸಿದ್ದ ಕ್ಯಾನರಿ ವಾರ್ಫ್‌ನಂಥ ಹೊಸ ಕಡೆಗಳಲ್ಲಿ ತೊಂದರೆಯೇ ಇಲ್ಲ. 1987ರ ಡಾಕ್‌ಲ್ಯಾಂಡ್ಸ್ ರೈಲು, 2022ರ ಎಲಿಜಬೆತ್ ಲೈನ್ ಎರಡರಲ್ಲೂ ಎಲ್ಲಾ ನಿಲ್ದಾಣಕ್ಕೂ ಮೆಟ್ಟಿಲಿಲ್ಲದ ದಾರಿ. ತಡವಾಗಿ ಕಟ್ಟಿದವರಿಗೆ ಸುಲಭ, ಮೊದಲು ಕಟ್ಟಿದವರಿಗೆ ಒಡೆದು ಕಟ್ಟೋ ಖರ್ಚು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಸ್ಸು. ಕೆಂಪು ಬಸ್ಸಿನ ನೆಲ ಫುಟ್‌ಪಾತಿನ ಮಟ್ಟಕ್ಕೇ ಬಂದು ನಿಲ್ತದೆ, ಬೇಕಾದರೆ ಒಂದು ಹಲಗೆ ಹೊರಗೆ ಚಾಚಿಕೊಳ್ತದೆ. ಫೋನಿನಲ್ಲಿ ಅದರ ವಿಡಿಯೋ ಕಳಿಸಿದೆ. ನಮ್ಮಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಫುಕಟ್ ಆದಮೇಲೆ ಓಣಿಯ ಹೆಂಗಸರೆಲ್ಲ ಧರ್ಮಸ್ಥಳ, ಸವದತ್ತಿ ಅಂತ ಹೋಗಿಬಂದರು. ಅವ್ವ ಹೋಗಲಿಲ್ಲ. ವಿಡಿಯೋ ನೋಡಿ ಅಂದಳು, "ನಮ್ಮಲ್ಲಿ ಟಿಕೇಟ ಫುಕಟ ಐತಿ, ಮೆಟ್ಟಲ ತುಟ್ಟಿ ಅದಾವ."

ಅಲ್ಲಿ ಇನ್ನೊಂದು ನೋಡಿದೆ. ರೈಲಿನಲ್ಲಿ ಒಬ್ಬ ಹುಡುಗಿಯ ಎದೆಯ ಮೇಲೆ ಒಂದು ನೀಲಿ ಬಿಲ್ಲೆ. ‘ದಯವಿಟ್ಟು ಸೀಟು ಕೊಡಿ’ ಅನ್ನೋ ಅರ್ಥದ ಬರಹ. ನೋಡಲು ಆಕೆ ಗಟ್ಟಿಮುಟ್ಟಾಗಿದ್ದಳು. ಹೊರಗೆ ಕಾಣದ ತೊಂದರೆ ಇರುವವರಿಗೆ ಅಂತ 2017ರಿಂದ ಲಂಡನ್ ಸಾರಿಗೆಯವರು ಪುಕ್ಕಟೆ ಕೊಡುತ್ತಿದ್ದಾರೆ, ಡಾಕ್ಟರ ಚೀಟಿಯನ್ನೂ ಕೇಳೋದಿಲ್ಲ. ಒಬ್ಬ ಎದ್ದು ಜಾಗ ಕೊಟ್ಟ, ಏನೂ ಕೇಳಲಿಲ್ಲ. ನಮ್ಮಲ್ಲಾದರೆ ಏನಾಗ್ಯದ, ಯಾವಾಗಿಂದ, ಯಾರಿಗೆ ತೋರಿಸಿದಿರಿ ಅಂತ ಪೂರಾ ಇತಿಹಾಸ ಕೇಳಿ, ಒಂದು ಔಷಧಿ ಹೇಳಿ, ಆಮೇಲೆ ಸೀಟು ಕೊಡ್ತಾರೆ. ಅದೂ ಒಂಥರಾ ಚೆಂದವೇ ಬಿಡಿ. ಆದರೆ ಪ್ರತಿ ಸಲ ತನ್ನ ನೋವನ್ನ ಪರರ ಮುಂದೆ ಸಾಬೀತು ಮಾಡೋದು ಬೇಡ ಅನ್ನಿಸಿದವರು ನಿಂತೇ ಇರ್ತಾರೆ.

ನಡಿಗೆಯ ವಿಷಯದಲ್ಲಿ ನಮ್ಮೂರಿನವರು ಏನೂ ಕಡಿಮೆ ಅಲ್ಲ. ಯುಗಾದಿ ಹೊತ್ತಿಗೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಕಂಬಿ ಹೊತ್ತು ನೂರಾರು ಕಿಲೋಮೀಟರ್ ನಡೆದುಕೊಂಡೇ ಹೋಗ್ತಾರೆ, ಮರಗಾಲು ಕಟ್ಟಿಕೊಂಡು ಹೋಗುವವರೂ ಇದ್ದಾರೆ. ಅವರು ಹೇಗೆ ತಲುಪ್ತಾರೆ? ದಾರಿಯುದ್ದಕ್ಕೂ ಊರೂರಲ್ಲಿ ಪೆಂಡಾಲು ಹಾಕಿ, ಊಟ ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕುವ ಜನ ಇರ್ತಾರೆ. ಅವ್ವ ಮದುವೆಯಾದ ಹೊಸತರಲ್ಲಿ ಒಮ್ಮೆ ಹೋಗಿದ್ದಳಂತೆ. ಅಷ್ಟು ನಡೆದವಳು ಈಗ ನಮ್ಮ ಓಣಿಯಿಂದ ಬಸ್ ಸ್ಟ್ಯಾಂಡಿಗೆ ಹೋಗೋದಿಲ್ಲ. ನಡುವೆ ಕೂರಲು ಒಂದು ಕಟ್ಟೆ ಇತ್ತು, ರಸ್ತೆ ಅಗಲ ಮಾಡಿದಾಗ ಹೋಯ್ತು. ಲಂಡನ್ನಿನಲ್ಲಿ ನಾನೂ ದೂರವನ್ನ ಬೆಂಚುಗಳಲ್ಲಿ ಅಳೆಯೋದು ಕಲಿತೆ. ಭಾನುವಾರ ಥೇಮ್ಸ್ ದಂಡೆಯಲ್ಲಿ ಲ್ಯಾಂಬೆತ್ ಕಡೆ ಇರುವ ಬಸವಣ್ಣನ ಪುತ್ಥಳಿ ನೋಡಲು ಹೋದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲರು ಓಡಾಡಿ ಮಾಡಿಸಿದ್ದು, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಬಸ್ಸಿಳಿದು ನದಿಯ ಪಕ್ಕ ನಾಲ್ಕು ಬೆಂಚು ದೂರ. ಪ್ರತಿ ಬೆಂಚಿಗೂ ಕೂತೆ. ಚಳಿ ಮಾತ್ರ ಬೂಟಿನ ಬೆರಳ ಸಂದಿಯಿಂದ ನುಗ್ಗುತ್ತಿತ್ತು, ಮೇಲೆ ಒಂದು ಉಣ್ಣೆಯ ಟೊಪ್ಪಿಗೆ ಹಾಕಿಕೊಂಡಿದ್ದೆ, ಬೆರಳುಗಳಿಗೆ! ಫೋಟೋ ನೋಡಿ ಅವ್ವ ಬಸವಣ್ಣನಿಗೆ ಕೈಮುಗಿದು, ಆಮೇಲೆ ಬೆರಳಿನ ಟೊಪ್ಪಿಗೆ ನೋಡಿ ನಕ್ಕಳಂತೆ, ಅಪ್ಪ ಹೇಳಿದರು.

ಶನಿವಾರಗಳಂದು ಅಕ್ಕನ ಮನೆ. ಅಲ್ಲಿ ನಿಜವಾದ ಸಮಸ್ಯೆ ಎದುರಾಯಿತು. ಅಲ್ಲಿನ ಹಳೇ ಮಾದರಿ ಮನೆಗಳಲ್ಲಿ ಬಚ್ಚಲು, ಮಲಗೋ ಕೋಣೆ ಎಲ್ಲಾ ಮೇಲೆ. ಹದಿಮೂರು ಮೆಟ್ಟಿಲು, ಕಡಿದಾದವು. ನಾನು ಕುಂಡಿಯ ಮೇಲೆ ಕೂತು, ಕೈ ಊರಿ, ಒಂದೊಂದೇ ಮೆಟ್ಟಿಲು ಹಿಂದುಹಿಂದಕ್ಕೆ ಏರಿದೆ. ಎಂಟು ತಿಂಗಳ ಬಸುರಿ ಅಕ್ಕ ಮೇಲಿನಿಂದ ನೋಡ್ತಾ ನಗುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು. "ಅವ್ವ ಹಿಂಗ ಏರೂದು ನನಗ ನೋಡಾಕ ಆಗೂದಿಲ್ಲೋ" ಅಂದಳು. ಬಾಣಂತಿಯನ್ನ ನೋಡಿಕೊಳ್ಳಲು ಬರೋಳು ದಿನಕ್ಕೆ ಎಷ್ಟು ಸಲ ಹತ್ತಿ ಇಳೀಬೇಕು? ಭಾವ ಕಾಗದ ತಗೊಂಡು ಲೆಕ್ಕ ಹಾಕಿದ. ಇಬ್ಬರೂ ಎಂಜಿನಿಯರುಗಳು, ಮಾತಿಗಿಂತ ಲೆಕ್ಕ ಬೇಗ ಬರ್ತದೆ. ಕೊನೆಗೆ ಬಾಣಂತಿ, ಕೂಸು, ಅವ್ವ ಮೂವರೂ ಕೆಳಗಿನ ಹಾಲ್‌ನಲ್ಲಿ ಅಂತ ತೀರ್ಮಾನವಾಯ್ತು. ಮೆಟ್ಟಿಲಿನ ಇನ್ನೊಂದು ಮಗ್ಗುಲಿಗೂ ಹಿಡಿಕೆ ಹಾಕಿಸೋದು. ಹಾಗಾದರೆ ಸ್ನಾನಕ್ಕೆ ದಿನಕ್ಕೊಮ್ಮೆ ಮೇಲೆ ಹೋದರೆ ಸಾಕು. ಶೌಚಾಲಯ ಕೆಳಗೂ ಒಂದು ಸಣ್ಣದಿತ್ತು, ಅಷ್ಟೂ ದಿನ ಅದರಲ್ಲಿ ಸೈಕಲ್ಲು, ಡಬ್ಬಗಳು ತುಂಬಿದ್ದವು. ಅವತ್ತೇ ಖಾಲಿ ಮಾಡಿದೆವು. ಮಾಡಿದೆವು ಅಂದ್ರೆ ಭಾವ ಮಾಡಿದ, ನಾನು ಕೂತು ಹೇಳಿದೆ.

ರಾತ್ರಿ ಅವ್ವನಿಗೆ ಫೋನು ಹಚ್ಚಿ, ಫಿಸಿಯೋದವರು ಕಲಿಸಿದ ಸೂತ್ರ ಹೇಳಿಕೊಟ್ಟೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

"ಅದನ್ನ ನಾ ಹತ್ತ ವರ್ಷದಿಂದ ಮಾಡಾತೇನಿ" ಅಂದಳು. "ನನಗ ಗಟ್ಟಿ ಕಾಲ ಯಾವ್ದು ಅಂತ ಅಷ್ಟ ಹೇಳು."

ಮಾರ್ಚ್ ಮೊದಲ ವಾರ ವಾಪಸು ಬಂದೆ. ಆರು ವಾರದ ಎಕ್ಸ್‌ರೇ ತೆಗೆಸಿದ್ದಾಯ್ತು, ಎಲುಬು ಕೂಡಿದೆ, ಬೂಟು ಅಟ್ಟದ ಮೇಲಿದೆ. ಬೂಟು ಬಿಚ್ಚಿದ ಮಾರನೇ ದಿನ ಬಸ್ಸಿನಲ್ಲಿ ಕಾಲು ಇನ್ನೂ ಚೂರು ನೋಯುತ್ತಿತ್ತು, ಯಾರೂ ಸೀಟು ಕೊಡಲಿಲ್ಲ. ಬೆಂಗಳೂರಿಗೆ ಬಂದು ಬೆರಳಚ್ಚು ಕೊಟ್ಟು ಅವ್ವ ವೀಸಾ ಅರ್ಜಿ ಹಾಕಿದಳು. ನನ್ನ ಪಟ್ಟಿ ಪೂರ್ತಿ ಓದಿ ಹೇಳಿದೆ. ಕಾಯೋದು ಎಷ್ಟು ಹೊತ್ತು, ಹಿಡಿಕೆ ಎಲ್ಲಿದೆ, ಯಾವ ಸೀಟು, ಚಹಾಕ್ಕೆ ಸಕ್ಕರೆ ಬೇಕಾ ಅಂತ ಬೇರೆಯವರನ್ನ ಕೇಳಿದರೆ ಏನು ಮಾಡಬೇಕು ("ನಾನs ಹೇಳ್ತೇನಿ ಬಿಡು" ಅಂದಳು). ಗಾಲಿಕುರ್ಚಿಯ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ದೂಡೂದು ಗಂಡಸೋ ಹೆಂಗಸೋ?"

ಎರಡೂ ಇರ್ತಾರೆ, ಹೆಂಗಸೇ ಬೇಕು ಅಂತ ಕೇಳಿ ನೋಡ್ತೀನಿ ಅಂದೆ. ಈಗ ಡಬ್ಲ್ಯೂಸಿಎಚ್‌ಎಸ್ ಅಂತ ಬರೆಸಿ ಟಿಕೇಟು ಮಾಡಿಸಿದ್ದೇನೆ, ಹೆಂಗಸರ ವಿಷಯ ಕೇಳಿ ಪತ್ರವನ್ನೂ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಅವ್ವ ಅಂಟಿನ ಉಂಡಿಗೆ ಖರ್ಜೂರ, ಒಣಕೊಬ್ಬರಿ, ಅಂಟು ತರಿಸಿ ಒಣಗಿಸುತ್ತಿದ್ದಾಳೆ.